ಅಲ್ಟ್ರಾಸೌಂಡ್ ನೋಡ್ಕೊಂಡು ಶ್ವಾಸಕೋಶದ ಬಯಾಪ್ಸಿ ಮಾಡುವಾಗ 18 ಗೇಜ್ ಸೂಜಿ ಒಳ್ಳೇದಾ, 22 ಗೇಜ್ ಒಳ್ಳೇದಾ?

ಗಡ್ಡೆ ಎದೆಗೂಡಿನ ಗೋಡೆಗೆ ತಾಗ್ಕೊಂಡಿದ್ದು ಸೂಜಿಗೆ ಸಾಕಷ್ಟು ಜಾಗ ಇದ್ರೆ ಸಾಮಾನ್ಯವಾಗಿ 18 ಗೇಜ್ ಕೋರ್ ಸೂಜಿನೇ ಹೆಚ್ಚು ಉಪಯೋಗ. ಗೇಜ್ ನಂಬರ್ ಉಲ್ಟಾ ಲೆಕ್ಕ ನೋಡಿ, ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ, 18 ಅಂದ್ರೆ ಸುಮಾರು 1.2 ಮಿ.ಮೀ. ದಪ್ಪ, 22 ಅಂದ್ರೆ 0.7 ಮಿ.ಮೀ.

22 ಗೇಜ್ ಸೂಜಿಲಿ ಎಳೆದ್ರೆ ಬಿಡಿ ಬಿಡಿ ಜೀವಕೋಶಗಳು ಬರ್ತವೆ, ಕ್ಯಾನ್ಸರ್ ಹೌದೋ ಅಲ್ವೋ ಅಂತ ಎಷ್ಟೋ ಸಲ ಅಷ್ಟರಲ್ಲೇ ಗೊತ್ತಾಗುತ್ತೆ. ಆದ್ರೆ ಕೋರ್ ಸೂಜಿಗೆ ಸ್ಪ್ರಿಂಗ್ ಇರುತ್ತೆ, 'ಟಕ್' ಅಂತ ಸದ್ದು ಮಾಡಿ ದಾರದೆಳೆ ಥರ ಒಂದು ಸಣ್ಣ ತುಂಡನ್ನೇ ಕತ್ತರಿಸಿ ತರುತ್ತೆ (ಆ ಸದ್ದಿಗೇ ಪೇಶೆಂಟ್ ಬೆಚ್ಚಿಬೀಳೋದು ಜಾಸ್ತಿ, ಮೊದಲೇ ಹೇಳಿಬಿಟ್ರೆ ಒಳ್ಳೇದು). ತುಂಡು ಸಿಕ್ರೆ ಜೀವಕೋಶಗಳು ಹೇಗೆ ಜೋಡಣೆ ಆಗಿವೆ ಅಂತ ಕಾಣುತ್ತೆ, ಯಾವ ಜಾತಿ ಕ್ಯಾನ್ಸರ್, ಇಜಿಎಫ್‌ಆರ್, ಎಎಲ್‌ಕೆ ಥರದ ಜೀನ್ ಬದಲಾವಣೆ ಇದ್ಯಾ ಅನ್ನೋ ಟೆಸ್ಟಿಗೂ ಸಾಮಗ್ರಿ ಉಳಿಯುತ್ತೆ, ಈಗ ಮಾತ್ರೆ ಆಯ್ಕೆ ಮಾಡೋದೇ ಅದರ ಮೇಲೆ.

ದಪ್ಪ ಸೂಜಿ ಅಂದ್ರೆ ಶ್ವಾಸಕೋಶ ತೂತಾಗಿ ಗಾಳಿ ಸೋರಲ್ವಾ ಅಂತ ಭಯ ಸಹಜ. ಆದ್ರೆ ಅಲ್ಟ್ರಾಸೌಂಡ್ ಗಾಳಿ ದಾಟಿ ನೋಡೋಕಾಗಲ್ಲ, ಹಾಗಾಗಿ ಅದರಲ್ಲಿ ಕಾಣೋ ಗಡ್ಡೆ ಅಂದ್ರೇನೇ ಮಧ್ಯೆ ಗಾಳಿ ತುಂಬಿದ ಶ್ವಾಸಕೋಶ ಇಲ್ಲ ಅಂತ, ಸೂಜಿ ನೇರ ಗಡ್ಡೆಗೇ ಹೋಗುತ್ತೆ. ಅಪಾಯ ಪೂರ್ತಿ ಇಲ್ಲ ಅಂತಲ್ಲ, ಕಮ್ಮಿ ಅಷ್ಟೇ.

ಗಡ್ಡೆ ತೀರಾ ಚಿಕ್ಕದಾಗಿದ್ರೆ, ಪಕ್ಕದಲ್ಲೇ ದೊಡ್ಡ ರಕ್ತನಾಳ ಇದ್ರೆ, ಇಲ್ಲಾ ರಕ್ತ ಹೆಪ್ಪುಗಟ್ಟೋದ್ರಲ್ಲಿ ತೊಂದರೆ ಇದ್ರೆ ಡಾಕ್ಟ್ರು ಸಣ್ಣ ಸೂಜಿ ಕಡೆ ಹೋಗಬಹುದು. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸೋಕೆ ಹೋಗ್ಬೇಡಿ.