ಮನೆಯಲ್ಲೇ ಕಟ್ಟಿದ ವಿಮಾನ: ಎಲ್ಲಿ ಹಾರಿಸಬಹುದು, ಎಲ್ಲಿ ಬೇಡ

ಪ್ರಶ್ನೆ: ಊರು ಬ್ಯಾಡಗಿ ಹತ್ತಿರ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಫೋಮ್ ಬೋರ್ಡಿನಲ್ಲಿ ರೆಕ್ಕೆಯ ಡ್ರೋನ್ ಕಟ್ಟುತ್ತಿದ್ದೇನೆ. ರೆಕ್ಕೆ 1.2 ಮೀಟರ್, ತೂಕ ಸುಮಾರು 900 ಗ್ರಾಂ. ಮೇಲಿಂದ ನಮ್ಮ ಮೆಣಸಿನಕಾಯಿ ಹೊಲದ ಫೋಟೊ ತೆಗೆಯುವ ಆಸೆ. ಲೈಸೆನ್ಸ್ ಬೇಕಾ ಸರ್?

ಉತ್ತರ: ಕಟ್ಟುವುದಕ್ಕೆ ಲೈಸೆನ್ಸ್ ಬೇಡ. ಹಾರಿಸುವಾಗ 2021ರ ಡ್ರೋನ್ ನಿಯಮಗಳು ಬರುತ್ತವೆ. ‘ಇದು ಡ್ರೋನ್ ಅಲ್ಲ, ಆಟದ ವಿಮಾನ’ ಎಂಬ ಮಾತು ನಡೆಯುವುದಿಲ್ಲ. ನಾಲ್ಕು ಫ್ಯಾನ್ ಇರಲಿ, ಎರಡು ರೆಕ್ಕೆ ಇರಲಿ, ಒಳಗೆ ಪೈಲಟ್ ಇಲ್ಲದೆ ಹಾರಿದರೆ ಅದು ಡ್ರೋನೇ.

ಮೊದಲು ತಕ್ಕಡಿಗೆ ಹಾಕಿ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ. ನಿಮ್ಮದು ಮೈಕ್ರೊ. ದುಡ್ಡಿನ ವ್ಯವಹಾರ ಇಲ್ಲದೆ ಮೈಕ್ರೊ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ಕಲಿಯುವುದಕ್ಕೋ ಖುಷಿಗೋ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಿದರೆ ಟೈಪ್ ಸರ್ಟಿಫಿಕೇಟೂ (ಆ ಮಾದರಿ ಡ್ರೋನ್ ಸರಿಯಾಗಿದೆ ಎಂಬ ಸರ್ಕಾರಿ ಪ್ರಮಾಣಪತ್ರ) ಬೇಡ. ಆದರೆ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು, ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಪಕ್ಕದ ಹೊಲದ ಕಾಕಾನ ಹತ್ತಿರ ಎಕರೆಗೆ ಇಷ್ಟು ಅಂತ ಇಸಕೊಂಡಿರೋ, ಈ ರಿಯಾಯಿತಿ ಎಲ್ಲ ಅಲ್ಲಿಗೆ ಮುಗಿಯಿತು.

ನೀವು ವಿದ್ಯಾರ್ಥಿ, ಅದರ ಲಾಭ ತಗೊಳ್ಳಿ. ಸರ್ಕಾರದ ಮಾನ್ಯತೆ ಇರುವ ಕಾಲೇಜು ಸಂಶೋಧನೆಗೆಂದು ತನ್ನ ಆವರಣದೊಳಗೇ ಹಾರಿಸಿದರೆ, ಆ ಜಾಗ ಹಸಿರು ವಲಯದಲ್ಲಿದ್ದರೆ (ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗ), ನೋಂದಣಿಯೂ ಬೇಡ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ ಹತ್ತಿರ ಇರುವುದರಿಂದ ವಲಯ ಯಾವುದು ಅಂತ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಅದೇ ದಿನ ನೋಡಿಕೊಳ್ಳಿ. ಮೊನ್ನೆ ಹಸಿರು ಇದ್ದದ್ದು ಇವತ್ತೂ ಹಸಿರೇ ಇರಬೇಕೆಂದಿಲ್ಲ. ಹಸಿರಲ್ಲೂ 400 ಅಡಿ ದಾಟಬೇಡಿ.

ಇನ್ನು ವಿಮಾನದ ಮಾತು. ನನಗೆ ಇದೇ ಜಾಸ್ತಿ ಇಷ್ಟ. ಫೋಮ್ ಬೋರ್ಡ್, ಗ್ಲೂ ಗನ್, ಪ್ಯಾಕಿಂಗ್ ಟೇಪ್ ಎಲ್ಲ ಸ್ಟೇಷನರಿ ಅಂಗಡಿಯ ಸಾಮಾನು. ಅಲ್ಲಿ ಉಳಿಸಿ. ರಿಮೋಟ್ ಮತ್ತು ಬ್ಯಾಟರಿಯಲ್ಲಿ ಉಳಿಸಬೇಡಿ. ಬಿದ್ದರೆ ರೆಕ್ಕೆಯನ್ನು ಒಂದು ಸಂಜೆಯಲ್ಲಿ ಮತ್ತೆ ಕತ್ತರಿಸಬಹುದು, ಮೋಟಾರು, ಸರ್ವೊ (ರೆಕ್ಕೆ-ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರು) ಬಿಚ್ಚಿ ಅದಕ್ಕೇ ಹಾಕಬಹುದು. ರಿಮೋಟ್ 2.4 ಗಿಗಾಹರ್ಟ್ಸ್‌ನದೇ ಇರಲಿ. ಅಗ್ಗಕ್ಕೆ ಸಿಗುತ್ತದೆಂದು 915 ಮೆಗಾಹರ್ಟ್ಸ್‌ನದು ತರಿಸಬೇಡಿ. ಅದು ಅಮೆರಿಕದಲ್ಲಿ ಬಳಸುವ ರೇಡಿಯೊ ಬ್ಯಾಂಡ್, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸುವಂತಿಲ್ಲ.

ರೆಕ್ಕೆಯ ಅಗಲ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, 20 ಸೆಂ.ಮೀ. ಅಂದುಕೊಳ್ಳಿ. ಮುಂದಿನ ಅಂಚಿನಿಂದ 5–6 ಸೆಂ.ಮೀ. ಹಿಂದೆ ಎರಡೂ ಕಡೆ ಬೆರಳಿಟ್ಟು ಎತ್ತಿ. ಮಟ್ಟವಾಗಿ ನಿಲ್ಲಬೇಕು, ಮೂಗು ಒಂಚೂರು ಇಳಿದರೂ ಸರಿ. ಬಾಲ ಇಳಿದರೆ ಹಾರಿಸಲೇಬೇಡಿ, ಬ್ಯಾಟರಿ ಮುಂದಕ್ಕೆ ಸರಿಸಿ. ಕ್ಯಾಮೆರಾ ಹಾಕಿದ ಮೇಲೂ ಮತ್ತೊಮ್ಮೆ ಎತ್ತಿ ನೋಡಬೇಕು.

ನನ್ನ ಮೊದಲ ವಿಮಾನ ಧಾರವಾಡದ ಹೊರಗೆ ಜೋಳದ ಹೊಲಕ್ಕೆ ಬಿತ್ತು. ಕೈ ಬಿಟ್ಟು ಮೂರು ಸೆಕೆಂಡ್ ಆಗಿರಲಿಲ್ಲ. ಎಡಕ್ಕೆ ವಾಲಿತು, ಬಲಕ್ಕೆ ಒತ್ತಿದೆ. ಇನ್ನೂ ಎಡಕ್ಕೆ ವಾಲಿತು, ಇನ್ನೂ ಜೋರಾಗಿ ಒತ್ತಿದೆ. ಮಗುಚಿ ಬಿತ್ತು. ಐಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲುಗುವ ಪಟ್ಟಿ) ಉಲ್ಟಾ ಇತ್ತು, ಅಷ್ಟೇ! ಈಗ ಪ್ರತಿ ಸಲ ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ಒತ್ತುತ್ತೇನೆ. ಬಲರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಆಮೇಲೆ ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟಾರು ತಿರುಗುತ್ತಿರುವಾಗಲೇ ರಿಮೋಟ್ ಆಫ್ ಮಾಡುತ್ತೇನೆ. ಮೋಟಾರು ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಮನೆಗೆ ವಾಪಸ್.

ಪ್ರಶ್ನೆ: ಗೋಕುಲ ರಸ್ತೆಯಲ್ಲಿ ನಮ್ಮ ಮನೆ. ಮಗ ಒಂಬತ್ತನೇ ಕ್ಲಾಸು. 200 ಗ್ರಾಂ ವಿಮಾನ ಮಾಡಿ ಮಾಳಿಗೆ ಮೇಲಿಂದ ಹಾರಿಸುತ್ತೇನೆ ಅಂತಾನೆ. ಬಿಡಲಾ?

ಉತ್ತರ: ಬಿಡಬೇಡಿ ಅಕ್ಕಾ. ವಿಮಾನ ನಿಲ್ದಾಣ ನಿಮ್ಮ ರಸ್ತೆಯಲ್ಲೇ ಇದೆಯಲ್ಲ. ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಒಂದಡಿಯೂ ಏರಿಸುವಂತಿಲ್ಲ, ನ್ಯಾನೊ ಆದರೂ ಅಷ್ಟೇ. 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ. ಮನೆಯಲ್ಲಿ ಕಟ್ಟಲಿ, ಭಾನುವಾರ ದೂರದ ಬಯಲಿಗೆ ಕರೆದುಕೊಂಡು ಹೋಗಿ. ಹುಡುಗನನ್ನು ಬೈಯಬೇಡಿ ಮಾತ್ರ.

ಪ್ರಶ್ನೆ: ಗದಗ ತಾಲ್ಲೂಕಿನವನು. ಜಿಪಿಎಸ್ ಆಟೊಪೈಲಟ್ ಹಾಕಿದ್ದೇನೆ. 5 ಕಿ.ಮೀ. ಹೋಗಿ ಬರುವಂತೆ ಕಳಿಸಬಹುದಾ?

ಉತ್ತರ: ಆಟೊಪೈಲಟ್ ಇರಲಿ, ದೂರ ಬೇಡ. ಅಷ್ಟು ದೂರದಲ್ಲಿ ನಿಮ್ಮ ವಿಮಾನ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಹೇಳಿದ ಟೈಪ್ ಸರ್ಟಿಫಿಕೇಟಿನ ರಿಯಾಯಿತಿಯೂ ಆಗ ಸಿಗುವುದಿಲ್ಲ. ಕಪ್ಪತಗುಡ್ಡದ ಕಡೆಗಂತೂ ಬೇಡ, ಅದು ವನ್ಯಜೀವಿಧಾಮ.

ಇನ್ನೊಂದು, ನಿಮ್ಮೂರಿನ ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ವಿಮಾನದ ವೇಗ ಗಂಟೆಗೆ 40 ಕಿ.ಮೀ., ಎದುರುಗಾಳಿ 30 ಇದ್ದರೆ ನೆಲದ ಮೇಲೆ ಸಾಗುವುದು ಬರೀ 10. ಗಾಳಿ ಬೆನ್ನಿಗಿದ್ದಾಗ ಒಂದು ನಿಮಿಷ ಹೋದ ದೂರಕ್ಕೆ ವಾಪಸ್ ಬರಲು ಏಳು ನಿಮಿಷ. 2200 ಎಂಎಎಚ್‌ನ ಮೂರು ಸೆಲ್ ಬ್ಯಾಟರಿ ಇಂಥ ವಿಮಾನಕ್ಕೆ ಕಾಲು ಗಂಟೆ ಬಂದರೆ ಹೆಚ್ಚು. ಬೆಳಿಗ್ಗೆ ಏಳರೊಳಗೆ ಹಾರಿಸಿ, ಮೊದಲು ಗಾಳಿಗೆ ಎದುರಾಗಿ ಹೋಗಿ. ಬ್ಯಾಟರಿ ಇಳಿದಾಗ ಗಾಳಿಯೇ ಮನೆ ಕಡೆ ನೂಕುತ್ತದೆ.