ಗ್ರೀನ್ ಸ್ಕ್ರೀನ್ ತೆಗೆದರೂ ಹಿನ್ನೆಲೆ ಬರುತ್ತಿಲ್ಲ, ಅಂಚಲ್ಲಿ ಹಸಿರು ಉಳಿಯುತ್ತಿದೆ. ಏನು ಮಾಡಲಿ?

ಮೇಡಂ, ನೀವು ಚಿಕ್ಕಪೇಟೆಯಿಂದ ಹಸಿರು ಬಟ್ಟೆ ತಂದು, ಮನೆಯ ರೂಮಿನಲ್ಲೇ ಮೊಬೈಲ್‌ನಲ್ಲಿ ಗಣಿತದ ಪಾಠ ಶೂಟ್ ಮಾಡಿದ್ದೀರಿ. ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನ ಕಲರ್ ಪೇಜಿನಲ್ಲಿ ಹಸಿರನ್ನು ಆರಿಸಿದ್ದೀರಿ. ಆದರೂ ಹಿಂದಿನ ಚಿತ್ರ ಕಾಣುತ್ತಿಲ್ಲ. ಕೂದಲ ಅಂಚು ಹಸಿರಾಗಿದೆ, ಮಿಣಮಿಣ ಅನ್ನುತ್ತಿದೆ. ಕೈ ಎತ್ತಿದಾಗ ಮಣಿಕಟ್ಟಿನ ಹತ್ತಿರ ತೂತು ಬೀಳುತ್ತಿದೆ. ಇದರಲ್ಲಿ ಮೊದಲನೆಯದು ಮಾತ್ರ ಸಾಫ್ಟ್‌ವೇರ್ ತೊಂದರೆ. ಬಸವನಗುಡಿಯಲ್ಲಿ ಕೂತು ಇಂಥ ಪಾಠದ ವಿಡಿಯೋಗಳನ್ನೇ ಎಡಿಟ್ ಮಾಡುವವನು ನಾನು. ಮಿಕ್ಕ ಮೂರೂ ಶೂಟಿಂಗ್ ರೂಮಿನಲ್ಲೇ ಹುಟ್ಟಿದವು ಅಂತ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಸುಲಭದ್ದು ಮುಗಿಸೋಣ. ಪಾಠದ ಕ್ಲಿಪ್ ಮೇಲಿನ ಟ್ರ್ಯಾಕ್‌ನಲ್ಲಿ, ಹಿನ್ನೆಲೆ ಚಿತ್ರ ಕೆಳಗಿನ ಟ್ರ್ಯಾಕ್‌ನಲ್ಲಿ ಇರಬೇಕು. ಕಲರ್ ಪೇಜಿನಲ್ಲಿ ನೋಡ್‌ಗಳು (ಚಿತ್ರಕ್ಕೆ ಮಾಡಿದ ಬದಲಾವಣೆಯನ್ನು ತೋರಿಸುವ ಪುಟ್ಟ ಡಬ್ಬಿಗಳು) ಇರುವ ಕಡೆ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ, ಆಡ್ ಆಲ್ಫಾ ಔಟ್‌ಪುಟ್ ಆರಿಸಿ. ಬಲಗಡೆ ಒಂದು ನೀಲಿ ಚುಕ್ಕೆ ಬರುತ್ತದೆ. ನಿಮ್ಮ ನೋಡ್‌ನ ನೀಲಿ ಚೌಕದಿಂದ ಅಲ್ಲಿಗೆ ಗೆರೆ ಎಳೆಯಿರಿ. ಇದನ್ನು ಮಾಡದಿದ್ದರೆ ನೀವು ಹಸಿರನ್ನು ಆರಿಸಿದ್ದೀರಿ ಅಷ್ಟೇ, ಅದು ಪಾರದರ್ಶಕ ಆಗುವುದಿಲ್ಲ. ಗೆರೆ ಎಳೆದ ಮೇಲೆ ನೀವೇ ಮಾಯವಾಗಿ ಬಟ್ಟೆ ಮಾತ್ರ ಉಳಿದರೆ ಗಾಬರಿ ಬೇಡ, ಬಣ್ಣ ಆರಿಸುವ ಕ್ವಾಲಿಫೈಯರ್‌ನಲ್ಲಿ ಇನ್ವರ್ಟ್ ಒತ್ತಿ. ಹಾಗೇ ಕ್ವಾಲಿಫೈಯರ್ ತ್ರೀಡಿ ಮೋಡ್‌ನಲ್ಲಿ ಇದೆಯಾ ನೋಡಿ. ಗ್ರೀನ್ ಸ್ಕ್ರೀನಿಗೆ ಅದೇ ಸರಿ.

ಈಗ ಅಂಚಿನ ವಿಷಯ. ಯಾವ ಸ್ಲೈಡರನ್ನೂ ಮುಟ್ಟುವ ಮೊದಲು ಮ್ಯಾಟ್, ಅಂದರೆ ಯಾವುದು ಉಳಿಯುತ್ತದೆ ಯಾವುದು ಹೋಗುತ್ತದೆ ಅಂತ ತೋರಿಸುವ ಕಪ್ಪು ಬಿಳುಪು ಚಿತ್ರ, ನೋಡಿ. ವ್ಯೂವರ್ ಮೇಲಿರುವ ಹೈಲೈಟ್ ಬಟನ್ ಒತ್ತಿ, ಬ್ಲ್ಯಾಕ್ ಅಂಡ್ ವೈಟ್ ಆರಿಸಿದರೆ ಚಿತ್ರ ಕಪ್ಪು ಬಿಳುಪಾಗಿ ಕಾಣುತ್ತದೆ. ನೀವು ಪೂರ್ತಿ ಬಿಳಿ ಇರಬೇಕು, ಬಟ್ಟೆ ಪೂರ್ತಿ ಕಪ್ಪು ಇರಬೇಕು. ಕೂದಲಿನ ತೆಳು ಅಂಚು ಬಿಟ್ಟು ಬೇರೆಲ್ಲಿ ಬೂದು ಕಂಡರೂ ತೊಂದರೆ ಇದೆ ಅಂತ ಅರ್ಥ. ಹೆಚ್ಚಿನವರು ಬಣ್ಣದ ಚಿತ್ರ ನೋಡಿಕೊಂಡೇ ಸ್ಲೈಡರ್ ಎಳೆಯುತ್ತಾರೆ. ಅಂಚು ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಕೂದಲು ಹೋಗಿರುತ್ತದೆ.

ಬಟ್ಟೆಯ ಜಾಗದಲ್ಲಿ ಬೂದು ಮಚ್ಚೆಗಳಿದ್ದರೆ ಬೆಳಕು ಒಂದೇ ಸಮ ಬಿದ್ದಿಲ್ಲ, ಇಲ್ಲಾ ಬಟ್ಟೆಯಲ್ಲಿ ಸುಕ್ಕಿದೆ. ಇಸ್ತ್ರಿ ಹಾಕಿ, ಬಿಗಿಯಾಗಿ ಎಳೆದು ಕಟ್ಟಿ. ಬಟ್ಟೆಗೆ ಎರಡು ಕಡೆಯಿಂದ ಒಂದೊಂದು ಲೈಟ್, ನಿಮಗೆ ಬೇರೆ ಲೈಟ್. ನೀವು ಕಳಿಸಿದ ರೂಮಿನ ಫೋಟೋದಲ್ಲಿ ಮೇಲೊಂದು ಟ್ಯೂಬ್‌ಲೈಟ್ ಮಾತ್ರ ಕಾಣುತ್ತಿದೆ, ಅದು ಸಾಲದು.

ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಕುರ್ಚಿ. ಅದು ಬಟ್ಟೆಗೆ ಅಂಟಿಕೊಂಡೇ ಇದೆ. ಬಟ್ಟೆಗೆ ಬಿದ್ದ ಬೆಳಕು ಹಸಿರಾಗಿ ವಾಪಸ್ ಬಂದು ಕೂದಲು, ಕಿವಿ, ಭುಜದ ಮೇಲೆ ಕೂರುತ್ತದೆ. ಆ ಹಸಿರು ನಿಜವಾಗಿಯೂ ನಿಮ್ಮ ಮೇಲೇ ಇದೆ, ಸಾಫ್ಟ್‌ವೇರ್ ಅದನ್ನು ಬಟ್ಟೆ ಅಂದುಕೊಂಡರೆ ಅದರ ತಪ್ಪಲ್ಲ. ಕನಿಷ್ಠ ಆರು ಅಡಿ ಮುಂದೆ ಬನ್ನಿ. ನಮ್ಮ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ, ಗೊತ್ತು. ಹಾಲ್‌ನಲ್ಲಿ ಮೂಲೆಯಿಂದ ಮೂಲೆಗೆ ಕ್ಯಾಮೆರಾ ಇಟ್ಟು ನೋಡಿ, ಒಂದೆರಡು ಅಡಿ ಹೆಚ್ಚು ಸಿಗುತ್ತದೆ. ಬಟ್ಟೆ ಇಡೀ ಫ್ರೇಮ್ ತುಂಬಬೇಕಿಲ್ಲ. ನಿಮ್ಮ ಹಿಂದೆ, ಕೈ ಆಡುವಷ್ಟು ಜಾಗದಲ್ಲಿ ಇದ್ದರೆ ಸಾಕು. ಮಿಕ್ಕಿದ್ದನ್ನು ಕಲರ್ ಪೇಜಿನ ವಿಂಡೋ (ಬೇಕಾದ ಜಾಗಕ್ಕೆ ಮಾತ್ರ ಹಾಕುವ ಚೌಕಟ್ಟು) ಹಾಕಿ ಕತ್ತರಿಸಬಹುದು.

ಆಮೇಲೆ ಉಳಿಯುವ ಚೂರುಪಾರು ಹಸಿರಿಗೆ ತ್ರೀಡಿ ಕ್ವಾಲಿಫೈಯರ್‌ನಲ್ಲೇ ಡಿಸ್ಪಿಲ್ ಇದೆ. ಟಿಕ್ ಮಾಡಿದ ಮೇಲೆ ಸೀರೆಯ ಬಣ್ಣ ಒಮ್ಮೆ ನೋಡಿ. ವಿಡಿಯೋದಲ್ಲಿ ಹಳದಿ ಅಂದರೆ ಕೆಂಪು ಮತ್ತು ಹಸಿರು ಸೇರಿದ್ದು. ಹಸಿರು ತಗ್ಗಿಸಿದರೆ ಅರಿಶಿನ ಬಣ್ಣದ ಸೀರೆ ಕಿತ್ತಳೆ ಕಡೆ ವಾಲಬಹುದು.

ಮಿಣಮಿಣ ಅನ್ನುವುದಕ್ಕೆ ಕಾರಣ ಒಂದಲ್ಲ. ಬೆಳಕು ಕಡಿಮೆ ಇದ್ದರೆ ಮೊಬೈಲ್ ತನ್ನ ಬೆಳಕಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒ ಏರಿಸುತ್ತದೆ, ಚಿತ್ರದಲ್ಲಿ ಕಾಳುಕಾಳು ಬರುತ್ತದೆ, ಫ್ರೇಮಿಂದ ಫ್ರೇಮಿಗೆ ಅಂಚು ಬದಲಾಗುತ್ತದೆ. ಆಟೋ ಎಕ್ಸ್‌ಪೋಷರ್ ಮತ್ತು ಆಟೋ ವೈಟ್ ಬ್ಯಾಲೆನ್ಸ್ ಕೂಡ ನೀವು ಅಲುಗಾಡಿದ ಹಾಗೆಲ್ಲ ಬಟ್ಟೆಯ ಬಣ್ಣ ಬದಲಿಸುತ್ತವೆ. ಎರಡನ್ನೂ ಲಾಕ್ ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಸ್ಪೀಡ್ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಅದು ವಿಡಿಯೋದಲ್ಲಿ ಕಾಣುವುದಿಲ್ಲ. ಕೈ ಜಾಸ್ತಿ ಆಡಿಸುತ್ತೀರಿ ಅಂದರೆ 1/100 ವಾಸಿ, ಬೆರಳಿನ ಅಂಚು ಕಲಸಿಹೋಗುವುದಿಲ್ಲ.

ಇನ್ನೊಂದು ಮಾತು ಮುಖ್ಯ. ಮೊಬೈಲ್‌ಗಳು ಸಾಮಾನ್ಯವಾಗಿ 4:2:0 ಅನ್ನುವ ರೀತಿಯಲ್ಲಿ ವಿಡಿಯೋ ಉಳಿಸುತ್ತವೆ. ಹೊಳಪು ಪ್ರತಿ ಪಿಕ್ಸೆಲ್‌ಗೂ ಬೇರೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದು. 1920×1080 ವಿಡಿಯೋದಲ್ಲಿ ಬಣ್ಣದ ಮಾಹಿತಿ 960×540 ಮಾತ್ರ. ನೀವು ಹಸಿರು ತೆಗೆಯುವುದು ಬಣ್ಣ ನೋಡಿಯೇ ಅಲ್ವಾ? ಕೂದಲೆಳೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಹೋಗುವುದು ಇದರಿಂದ. 4ಕೆಯಲ್ಲಿ ಶೂಟ್ ಮಾಡಿ, 1080 ಟೈಮ್‌ಲೈನಿನಲ್ಲಿ ಎಡಿಟ್ ಮಾಡಿ. ಆಗ ಬಣ್ಣವೂ 1920×1080 ಸಿಗುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಆಗುವ ದೊಡ್ಡ ಸುಧಾರಣೆ ಇದು.

ಮಣಿಕಟ್ಟಿನ ತೂತಿಗೆ ಕಾರಣ ನಿಮ್ಮ ಹಸಿರು ಗಾಜಿನ ಬಳೆ. ಶೂಟಿಂಗ್ ಹೊತ್ತಿಗೆ ಕೆಂಪು ಬಳೆ ಹಾಕಿಕೊಳ್ಳಿ. ತೆಗೆಯಲು ಮನಸ್ಸಿಲ್ಲದಿದ್ದರೆ, ಅಥವಾ ಹಸಿರು ಸೀರೆಯನ್ನೇ ಉಡುವುದಾದರೆ, ಹಿಂದಿನ ಬಟ್ಟೆ ನೀಲಿ ಇರಲಿ. ನೀಲಿಗೆ ಬೆಳಕು ಇನ್ನೂ ಜಾಸ್ತಿ ಬೇಕಾಗುತ್ತದೆ. ಕ್ಯಾಮೆರಾ ಸೆನ್ಸರಿನಲ್ಲಿ ಅರ್ಧದಷ್ಟು ಪಿಕ್ಸೆಲ್‌ಗಳು ಹಸಿರಿಗೇ ಮೀಸಲು, ನೀಲಿಗೆ ಕಾಲು ಭಾಗ.

ಈಗಾಗಲೇ ಶೂಟ್ ಮಾಡಿರುವ ಪಾಠವನ್ನು ಎಸೆಯಬೇಡಿ. ರಿಸಾಲ್ವ್‌ನ ಫ್ಯೂಷನ್ ಪೇಜಿನಲ್ಲಿ ಹಸಿರು ತೆಗೆಯುವ ಡೆಲ್ಟಾ ಕೀಯರ್ ಇದೆ, ಅದಕ್ಕೆ ಕ್ಲೀನ್ ಪ್ಲೇಟ್ (ಬರೀ ಬಟ್ಟೆಯ ಚಿತ್ರ ಮಾಡಿಕೊಡುವ) ನೋಡ್ ಜೋಡಿಸಿದರೆ ಏರುಪೇರಾದ ಬಟ್ಟೆಯನ್ನೂ ಸುಮಾರಾಗಿ ನಿಭಾಯಿಸುತ್ತದೆ. ಅಲ್ಲೂ ಅಂಚು ಸರಿಹೋಗದಿದ್ದರೆ ಮ್ಯಾಟ್‌ನ ಕಪ್ಪು ಬಿಳುಪು ಸ್ಕ್ರೀನ್‌ಶಾಟ್ ಕಾಮೆಂಟಿನಲ್ಲಿ ಹಾಕಿ, ನೋಡಿ ಹೇಳುತ್ತೇನೆ.