ಗುಂಡೇಟು ತಿಂದವನು ನೆಮ್ಮದಿಯ ಹಾಡು ಹಾಡಬಾರದೇ?

ಹಾಸನದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಜಮೈಕಾದ ರೆಗ್ಗೆ ಹಾಡುಗಾರ ಬಾಬ್ ಮಾರ್ಲಿಯ 'ಕಾಯಾ' ಆಲ್ಬಮ್ಮನ್ನು ತುಂಬಾ ಹೊಗಳಿದ್ದೀರಿ. ಅದು ಬಂದಾಗಲೇ ಮಾರ್ಲಿ ಮೆತ್ತಗಾದ ಎಂದು ವಿಮರ್ಶಕರು ಬೇಸರಪಟ್ಟಿದ್ದರು. 'ಎಕ್ಸೋಡಸ್'ನಂಥ ಹೋರಾಟದ ಆಲ್ಬಮ್ ಮಾಡಿದವನು ಮರುವರ್ಷವೇ ಪ್ರೀತಿ, ಬಿಸಿಲು, ಗಾಂಜಾ ಅಂತ ಹಾಡಿದರೆ ಅದು ಹಣಕ್ಕಾಗಿ ಮಾಡಿಕೊಂಡ ರಾಜಿ ಅಲ್ಲವೇ?"

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಸಿಟ್ಟಿದೆ. ಆದರೆ ಹಾಡುಗಾರನ ಮೇಲೆ ಪ್ರೀತಿ ಇರುವವರಿಗೆ ಮಾತ್ರ ಬರುವ ಸಿಟ್ಟು ಅದು. ಹಾಗಾಗಿ ಎರಡು ಸಾಲಲ್ಲಿ ಉತ್ತರ ಮುಗಿಸಲು ಮನಸ್ಸು ಬರಲಿಲ್ಲ.

ನೀವು ಹೇಳಿದ್ದು ಸುಳ್ಳಲ್ಲ. 1978ರ ಮಾರ್ಚಿನಲ್ಲಿ 'ಕಾಯಾ' ಬಂದಾಗ ಹಲವು ವಿಮರ್ಶಕರು ಮೂಗು ಮುರಿದರು. ಆ ಹೆಸರೇ ಜಮೈಕಾದ ಆಡುಮಾತಿನಲ್ಲಿ ಗಾಂಜಾಕ್ಕೆ ಇರುವ ಹೆಸರು. ಅದರ ಹಿಂದಿನ ವರ್ಷ ಬಂದಿದ್ದ 'ಎಕ್ಸೋಡಸ್' ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 56 ವಾರ ಇತ್ತು. ಅಂಥದ್ದರ ಬೆನ್ನಿಗೇ ಇದು! ಜನ ಮಾತ್ರ ಕೈಬಿಡಲಿಲ್ಲ, ಅಲ್ಲಿ 'ಕಾಯಾ' 4ನೇ ಸ್ಥಾನಕ್ಕೆ ಏರಿತು. ಚೆನ್ನಾಗಿ ಮಾರಾಟವಾದದ್ದೂ ಅನುಮಾನಕ್ಕೆ ಇನ್ನೊಂದು ಕಾರಣವಾಯಿತು.

ಆದರೆ ಒಂದು ವಿಷಯ ಗಮನಿಸಿ. ಈ ಎರಡೂ ಆಲ್ಬಮ್ಮುಗಳ ಹಾಡುಗಳು ತಯಾರಾದದ್ದು 1977ರಲ್ಲಿ, ಲಂಡನ್ನಿನಲ್ಲಿ, ಒಂದೇ ಸರದಿಯ ಧ್ವನಿಮುದ್ರಣದಲ್ಲಿ. ಒಂದಷ್ಟು ಹಾಡು ಮೊದಲು ಹೊರಬಂದವು, ಉಳಿದವು ಒಂಬತ್ತು ತಿಂಗಳ ಮೇಲೆ ಬಂದವು. 'ನಿನ್ನೆ ಹೋರಾಟಗಾರ, ಇವತ್ತು ಮೆತ್ತಗಾದ' ಅನ್ನುವ ಕಥೆ ಹುಟ್ಟಿದ್ದು ಬಿಡುಗಡೆಯ ತಾರೀಕು ನೋಡಿ. ಹಾಡುವಾಗ ಅವನು ಒಬ್ಬನೇ ಮನುಷ್ಯ. ಸಿಟ್ಟೂ ನೆಮ್ಮದಿಯೂ ಒಟ್ಟೊಟ್ಟಿಗೇ ಇದ್ದವು.

ಲಂಡನ್ನಿಗೆ ಯಾಕೆ ಹೋಗಿದ್ದ ಅನ್ನುವುದನ್ನೂ ನೆನೆಯಬೇಕು. 1976ರ ಡಿಸೆಂಬರ್ 3ರ ರಾತ್ರಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಹೋಪ್ ರೋಡಿನ ಅವನ ಮನೆಗೆ ಬಂದೂಕು ಹಿಡಿದವರು ನುಗ್ಗಿದರು. ಚುನಾವಣೆಯ ಕಾಲ, ಎರಡು ಪಕ್ಷಗಳ ಕಡೆಯವರು ಬೀದಿಯಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ದಿನಗಳು. ಮಾರ್ಲಿಗೆ ಎದೆ ಮತ್ತು ತೋಳಿನ ಹತ್ತಿರ ಗಾಯವಾಯಿತು. ಹೆಂಡತಿ ರೀಟಾಗೆ ತಲೆಗೆ ಗುಂಡು ತಾಗಿತು. ಮ್ಯಾನೇಜರ್ ಡಾನ್ ಟೇಲರ್ ಸಾವಿನ ಅಂಚಿಗೆ ಹೋಗಿ ಬಂದರು. ಎರಡೇ ದಿನಕ್ಕೆ ಮಾರ್ಲಿ ವೇದಿಕೆ ಹತ್ತಿ ಹಾಡಿದ. ಆಮೇಲೆ ದೇಶ ಬಿಟ್ಟ.

ಈಗ 'ಕಾಯಾ'ದ 'ರನ್ನಿಂಗ್ ಅವೇ' ಕೇಳಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಮೊದಲು ಓಡಿಹೋಗುವವನನ್ನು ಯಾರೋ ಕೆಣಕುತ್ತಿರುವ ಹಾಗಿದೆ. ಅದದೇ ಮಾತು ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಬರುತ್ತಾ ಹಾಡು ಹಾಡಾಗಿ ಉಳಿಯುವುದಿಲ್ಲ. ದನಿ ತಗ್ಗುತ್ತದೆ, ಗೊರಗುಟ್ಟುತ್ತದೆ, ಪಕ್ಕದಲ್ಲಿ ಕೂತವನಿಗೆ ಸಮಜಾಯಿಷಿ ಕೊಡುವ ಧಾಟಿ ಬರುತ್ತದೆ. ಗಲಭೆಯ ಮನೆಯೊಳಗಿರುವುದಕ್ಕಿಂತ ಮಾಳಿಗೆಯ ಮೇಲಿರುವುದೇ ಮೇಲು ಎಂಬ ಬೈಬಲಿನ ಮಾತನ್ನು ತನ್ನದೇ ಎಂಬಂತೆ ಆಡುತ್ತಾನೆ. ನಾನು ಓಡಿಹೋಗಿಲ್ಲ ಅನ್ನುತ್ತಾನೆ. ಒಂದು ಸಲ ಅಲ್ಲ, ಹಲವು ಸಲ. ಊರು ಬಿಟ್ಟು ಬಂದ ಗಂಡಸೊಬ್ಬ ತನಗೇ ತಾನು ಉತ್ತರ ಕೊಟ್ಟುಕೊಳ್ಳುವುದನ್ನು ಇಷ್ಟು ಹತ್ತಿರದಿಂದ ನಾನು ಬೇರೆಲ್ಲೂ ಕೇಳಿಲ್ಲ. ಇದು ಮೆತ್ತಗಾದವನ ಹಾಡು ಅಂತ ನನಗೆ ಅನಿಸುವುದೇ ಇಲ್ಲ.

ಕೊನೆಯ ಹಾಡು 'ಟೈಮ್ ವಿಲ್ ಟೆಲ್' ಕೂಡ ಹಾಗೇ. ಗಿಟಾರು, ಕೈಯಲ್ಲಿ ಬಡಿಯುವ ಡೋಲು, ಸದ್ದು ಜಾಸ್ತಿ ಇಲ್ಲ. ಆದರೆ ಮಾತು ನೇರ ಎಚ್ಚರಿಕೆಯದು.

ನಿಮ್ಮ ಮಾತಿನಲ್ಲಿ ಒಂದನ್ನು ಪೂರ್ತಿ ಒಪ್ಪುತ್ತೇನೆ. 'ಸನ್ ಈಸ್ ಶೈನಿಂಗ್', 'ಕಾಯಾ' ಹಾಡುಗಳನ್ನು 1971ರ ಸುಮಾರಿಗೇ ಜಮೈಕಾದ ಸಂಗೀತ ನಿರ್ಮಾಪಕ ಲೀ ಪೆರ್ರಿ ಜೊತೆ ಮಾರ್ಲಿ ತಂಡದವರು ಮಾಡಿದ್ದರು. ಆ ಹಳೆಯ 'ಸನ್ ಈಸ್ ಶೈನಿಂಗ್' ಒರಟು, ಖಾಲಿ ಖಾಲಿ, ಸ್ವಲ್ಪ ಭಯ ಹುಟ್ಟಿಸುತ್ತದೆ. ಲಂಡನ್ನಿನಲ್ಲಿ ಅದಕ್ಕೆ ಹೊಳಪು ಕೊಟ್ಟರು, ಭಯ ಹೋಯಿತು. ನನಗೆ ಹಳೆಯದೇ ಇಷ್ಟ. ಕಳೆದ ಸಂಚಿಕೆಯಲ್ಲಿ ಇದನ್ನು ಬರೆಯಬೇಕಿತ್ತು, ಬರೆಯದೇ ಹೋದದ್ದು ನಮ್ಮ ತಪ್ಪು.

ಪ್ರೀತಿಯ ಹಾಡುಗಳ ವಿಷಯಕ್ಕೆ ಮಾತ್ರ ನಾನು ಸೋಲುವುದಿಲ್ಲ. 'ಈಸ್ ದಿಸ್ ಲವ್' ಹಾಡಿನಲ್ಲಿ ಮಾರ್ಲಿ ತಂಡದ ಕಾರ್ಲ್‌ಟನ್ ಬ್ಯಾರೆಟ್‌ನ ಡ್ರಮ್ಮನ್ನೂ ಅವನ ಅಣ್ಣ ಆಸ್ಟನ್‌ನ ಬೇಸನ್ನೂ ಕೇಳಿ. ತೂಕ ಎಲ್ಲಿಯೂ ಕಮ್ಮಿಯಾಗಿಲ್ಲ. ಹಾಡಿನಲ್ಲಿ ಮಾರ್ಲಿ ಬೇಡುವುದೇನು? ಒಂದು ಸೂರು, ಒಂದು ಹಾಸಿಗೆ, ಹಂಚಿಕೊಂಡು ತಿನ್ನುವ ರೊಟ್ಟಿ. ಮನೆಯೊಳಗೇ ಗುಂಡು ತಿಂದು ಮನೆ ಬಿಟ್ಟು ಬಂದವನು ಇದನ್ನು ಕೇಳುತ್ತಿದ್ದಾನೆ. ಬಡವರ ಪರ ಇರುವವನು ಇದನ್ನು ಹಾಡಬಾರದು ಅಂದರೆ ಹೇಗೆ?

'ಕಾಯಾ' ಬಂದ ಮರುವರ್ಷ ಹೋರಾಟದ ಹಾಡುಗಳ 'ಸರ್ವೈವಲ್' ಆಲ್ಬಮ್ ಬಂದಾಗ ಮಾರ್ಲಿ ದಾರಿಗೆ ಬಂದ ಅಂದರು. ಆದರೆ ಅಷ್ಟು ಕಾಯುವ ಅಗತ್ಯ ಇರಲಿಲ್ಲ. 'ಕಾಯಾ' ಬಂದ ಮುಂದಿನ ತಿಂಗಳೇ, 1978ರ ಏಪ್ರಿಲ್ 22ರಂದು, ತನ್ನನ್ನು ಕೊಲ್ಲಲು ನೋಡಿದ ಊರಿಗೇ ವಾಪಸು ಹೋಗಿ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ ಅವನು ಹಾಡಿದ. ಪ್ರಧಾನಿ ಮೈಕೆಲ್ ಮ್ಯಾನ್ಲಿ, ವಿರೋಧ ಪಕ್ಷದ ಎಡ್ವರ್ಡ್ ಸಿಯಾಗ, ಇಬ್ಬರನ್ನೂ ವೇದಿಕೆಗೆ ಕರೆದ. ಇಬ್ಬರ ಕೈಯನ್ನೂ ಹಿಡಿದು ತನ್ನ ತಲೆಯ ಮೇಲೆ ಸೇರಿಸಿದ. ಆ ದಿನ ಅಂಗಡಿಗಳಲ್ಲಿದ್ದ ಅವನ ಹೊಸ ಆಲ್ಬಮ್ ಇದೇ.

— ಸಂಪಾದಕ